ಕಿಟ್‌ನಿಂದ ಹ್ಯಾಮ್ ರಿಗ್: ಜೋಡಿಸುವ ಕ್ರಮ, ತಪ್ಪು ಹುಡುಕುವ ದಾರಿ

ನನ್ನ ಮೊದಲ ಹ್ಯಾಮ್ ರಿಗ್ಗಿನ, ಅಂದರೆ ಹವ್ಯಾಸಿ ರೇಡಿಯೋದವರು ಕೇಳೋದಕ್ಕೂ ಪ್ರಸಾರಕ್ಕೂ ಬಳಸುವ ಟ್ರಾನ್ಸ್‌ಸೀವರಿನ ಕಿಟ್ಟನ್ನು ಪಟ್ಟು ಹಿಡಿದು ಕೂತು ಒಂದೇ ದಿನದಲ್ಲಿ ಮುಗಿಸಿದ್ದೆ. ಬೆಳಿಗ್ಗೆ ಕೂತವನು ರಾತ್ರಿ ಹನ್ನೊಂದಕ್ಕೆ ಎದ್ದು, ಎದೆ ಉಬ್ಬಿಸಿಕೊಂಡು ಸ್ವಿಚ್ ಹಾಕಿದೆ. ಹೊಗೆ ಬರಲಿಲ್ಲ. ಸದ್ದೂ ಬರಲಿಲ್ಲ. ಬೋರ್ಡು ಸುಮ್ನೆ ಬಿದ್ದುಕೊಂಡಿತ್ತು. ಅದರ ಮೇಲೆ ನೂರಕ್ಕಿಂತ ಜಾಸ್ತಿ ಬಿಡಿಭಾಗ, ಕೆಳಗೆ ಇನ್ನೂರೈವತ್ತು ಬೆಸುಗೆ. ಎಲ್ಲಿಂದ ಹುಡುಕೋದು? ಮೂರು ಸಂಜೆ ಹಾಳಾದ ಮೇಲೆ ಕಳ್ಳ ಸಿಕ್ಕಿದ. ಒಂದು ಸುರುಳಿಯ ತಂತಿಯ ತುದಿಯಲ್ಲಿ ಎನಾಮಲ್, ಅಂದರೆ ತಂತಿಗೆ ಬಳಿದ ನಿರೋಧಕ ಲೇಪ, ಪೂರ್ತಿ ಹೋಗಿರಲಿಲ್ಲ. ಕಣ್ಣಿಗೆ ಬೆಸುಗೆ ಹೊಳೆಯುತ್ತಿತ್ತು, ಒಳಗೆ ಸಂಪರ್ಕವೇ ಇರಲಿಲ್ಲ.

ಆಮೇಲಿಂದ ನಾನು ಬೇರೆ ಕ್ರಮ ಹಿಡಿದೆ. ಒಂದು ಭಾಗ ಜೋಡಿಸುತ್ತೇನೆ, ಕರೆಂಟ್ ಕೊಡುತ್ತೇನೆ, ಅದು ಮಾತಾಡಿದ ಮೇಲೇ ಮುಂದಿನದಕ್ಕೆ ಕೈ ಹಾಕುತ್ತೇನೆ. ಹೀಗೆ ಮಾಡಿದರೆ ತಪ್ಪು ಯಾವಾಗಲೂ ಕೊನೆಯ ಹತ್ತು ಹದಿನೈದು ಭಾಗಗಳ ಒಳಗೇ ಇರುತ್ತದೆ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಉದಾಹರಣೆಗೆ ಒಂದು ಸಾಮಾನ್ಯ ಕಿಟ್ ಇಟ್ಟುಕೊಳ್ಳೋಣ: 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡ್, 5 ವ್ಯಾಟ್, ಸೂಪರ್‌ಹೆಟ್ (ಬಂದ ಸಿಗ್ನಲನ್ನು ಮೊದಲು ಬೇರೊಂದು ಆವರ್ತನಕ್ಕೆ ಬದಲಿಸುವ ಬಗೆ). ಆಂಟೆನಾದಿಂದ ಬಂದ ಸಿಗ್ನಲ್ ಲೋ ಪಾಸ್ ಫಿಲ್ಟರ್ (ಕೆಳಗಿನ ಆವರ್ತನ ಮಾತ್ರ ಬಿಡುವುದು), ಬ್ಯಾಂಡ್ ಪಾಸ್ ಫಿಲ್ಟರ್ (ಒಂದು ಬ್ಯಾಂಡ್ ಮಾತ್ರ ಬಿಡುವುದು) ದಾಟಿ, ಎರಡು ಸಿಗ್ನಲ್ ಬೆರೆಸುವ ಮಿಕ್ಸರ್‌ಗೆ ಹೋಗುತ್ತದೆ. ಅಲ್ಲಿ 7.1ರ ಸಿಗ್ನಲ್ 16.1 ಮೆಗಾಹರ್ಟ್ಸ್ ವಿಎಫ್‌ಒ (ಆವರ್ತನ ಹುಟ್ಟಿಸುವ, ಟ್ಯೂನ್ ಮಾಡಬಹುದಾದ ಆಸಿಲೇಟರ್) ಜೊತೆ ಬೆರೆತು, ಎರಡರ ವ್ಯತ್ಯಾಸವಾದ 9 ಮೆಗಾಹರ್ಟ್ಸ್ ಆಗುತ್ತದೆ. ಕ್ರಿಸ್ಟಲ್ ಫಿಲ್ಟರ್ ಅದರಲ್ಲಿ ಬೇಕಾದ ಒಂದು ತುಣುಕನ್ನು ಮಾತ್ರ ಬಿಡುತ್ತದೆ. ಎರಡನೇ ಮಿಕ್ಸರ್ ಬಿಎಫ್‌ಒ ಅನ್ನುವ ಇನ್ನೊಂದು ಆಸಿಲೇಟರ್‌ನ ಸಹಾಯದಿಂದ ಅದನ್ನು ಕಿವಿಗೆ ಕೇಳುವ ಸದ್ದು ಮಾಡುತ್ತದೆ. ಕೊನೆಗೆ ಆಡಿಯೋ ಆಂಪ್ಲಿಫೈಯರ್. ಪ್ರಸಾರ ಮಾಡುವಾಗ ಬಹುಪಾಲು ಇದೇ ದಾರಿ ಹಿಂದುಮುಂದು. ನಿಮ್ಮ ಕಿಟ್‌ನಲ್ಲಿ ಸಂಖ್ಯೆಗಳು ಬೇರೆ ಇರಬಹುದು, ದಾರಿ ಹೆಚ್ಚುಕಡಿಮೆ ಇದೇ. ಈ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಇನ್ನೊಂದು ಮಾತು: ಕೇಳೋದಕ್ಕೆ ಏನಾದರೂ ಇರಲಿ, ಆಂಟೆನಾಕ್ಕೆ ಪ್ರಸಾರ ಮಾಡೋದಕ್ಕೆ ಹ್ಯಾಮ್ ಲೈಸೆನ್ಸ್ ಬೇಕೇ ಬೇಕು.

ಬೋರ್ಡ್ ಮುಟ್ಟುವ ಮೊದಲು

ಕಿಟ್ ಬಂದ ದಿನ ಬೆಸುಗೆ ಕಡ್ಡಿ ಬಿಸಿ ಮಾಡಬೇಡಿ. ಕೈ ತುರಿಸುತ್ತದೆ, ನನಗೂ ಗೊತ್ತು. ಆ ದಿನ ಭಾಗಗಳನ್ನು ಎಣಿಸಿ, ಒಂದೊಂದನ್ನೂ ಅಳೆದು, ಅಳತೆ (ಎಷ್ಟು ಓಮ್, ಎಷ್ಟು ಫ್ಯಾರಡ್ ಅನ್ನೋದು) ಬರೆದ ಕಾಗದಕ್ಕೆ ಚುಚ್ಚಿಡಿ. ರೆಸಿಸ್ಟರ್‌ಗಳನ್ನಂತೂ ಬಣ್ಣ ನೋಡಿ ನಂಬಲೇಬೇಡಿ, ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಐದು ಪಟ್ಟಿಯ 1 ಶೇಕಡಾ ರೆಸಿಸ್ಟರ್‌ಗಳ ನೀಲಿ ಮೈ ಮೇಲೆ ಕಂದು, ಕೆಂಪು, ಕಿತ್ತಳೆ ಮೂರೂ ರಾತ್ರಿ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ.

ಸೆರಾಮಿಕ್ ಕೆಪಾಸಿಟರ್‌ನಲ್ಲಿ ಮೂರು ಅಂಕಿ ಇರುತ್ತದೆ. ಮೊದಲ ಎರಡು ಅಳತೆಯ ಅಂಕಿ, ಮೂರನೆಯದು ಅವುಗಳ ಮುಂದೆ ಎಷ್ಟು ಸೊನ್ನೆ ಅನ್ನೋದು, ಲೆಕ್ಕ ಪಿಕೋಫ್ಯಾರಡ್‌ನಲ್ಲಿ. 104 ಅಂದರೆ 0.1 ಮೈಕ್ರೋಫ್ಯಾರಡ್, 103 ಅಂದರೆ 0.01, 471 ಅಂದರೆ 470 ಪಿಕೋಫ್ಯಾರಡ್. ಎಡವೋದು ಎಲ್ಲಿ ಅಂದರೆ, 470 ಅಂತ ಬರೆದಿದ್ದರೆ ಅದು 47 ಪಿಕೋಫ್ಯಾರಡ್ ಆಗಿರಬಹುದು. 47ರ ಮುಂದೆ ಒಂದೂ ಸೊನ್ನೆ ಇಲ್ಲ ಅಂತ ಅರ್ಥ, ಅಲ್ವಾ. ಫಿಲ್ಟರ್‌ನಲ್ಲಿ ಇವೆರಡು ಅದಲುಬದಲಾದರೆ ಪವರ್ ಎಲ್ಲಿ ಹೋಯಿತು ಅಂತ ಎರಡು ದಿನ ತಲೆ ಕೆರೆದುಕೊಳ್ಳುತ್ತೀರಿ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ಉದ್ದ ಕಾಲು ಪ್ಲಸ್, ಮೈ ಮೇಲಿನ ಪಟ್ಟಿ ಮೈನಸ್ ಕಡೆ. ಟ್ಯಾಂಟಲಮ್‌ನಲ್ಲಿ ಇದು ಉಲ್ಟಾ: ಗುರುತು ಇರೋದೇ ಪ್ಲಸ್ ಕಡೆ. ಡಯೋಡಿನ ಪಟ್ಟಿ ಕ್ಯಾಥೋಡ್. ಐಸಿಯಲ್ಲಿ ಕಚ್ಚು ಅಥವಾ ಚುಕ್ಕಿ ಇರುವ ತುದಿಯಲ್ಲಿ ಒಂದನೇ ಪಿನ್.

ಸಲಕರಣೆ ಜಾಸ್ತಿ ಬೇಡ. ತಾಪ ಹೊಂದಿಸಬಹುದಾದ ಬೆಸುಗೆ ಕಡ್ಡಿ, 0.6ರಿಂದ 0.8 ಮಿಲಿಮೀಟರ್ ರೋಸಿನ್ ಇರುವ ಸೋಲ್ಡರ್, ಸಣ್ಣ ಕಟ್ಟರ್, ಚಿಮಟ, ಭೂತಗನ್ನಡಿ, ಮಲ್ಟಿಮೀಟರ್, ಸೋಲ್ಡರ್ ಹೀರುವ ತಾಮ್ರದ ಬತ್ತಿ. ನಲ್ಲಿ ಪೈಪಿಗೆ ಬಳಸುವ ಆಸಿಡ್ ಫ್ಲಕ್ಸ್ ಹತ್ತಿರಕ್ಕೂ ಬರಬಾರದು, ತಾಮ್ರವನ್ನೇ ತಿಂದುಹಾಕುತ್ತದೆ.

ಬೆಸುಗೆ

63/37 ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಡ್ಡಿಯನ್ನು 320ರಿಂದ 350ಕ್ಕೆ ಇಡಿ. ಮೊನೆ ಪ್ಯಾಡಿಗೂ (ಬೋರ್ಡಿನ ತಾಮ್ರದ ಬಿಲ್ಲೆ) ಭಾಗದ ಕಾಲಿಗೂ ಒಟ್ಟಿಗೆ ತಾಗಬೇಕು. ಒಂದು ಸೆಕೆಂಡ್ ಬಿಟ್ಟು ಸೋಲ್ಡರನ್ನು ಮೊನೆಗಲ್ಲ, ಬಿಸಿಯಾದ ಪ್ಯಾಡಿಗೆ ಮುಟ್ಟಿಸಿ. ಅದು ತಾನಾಗಿ ಹರಿದು ಕಾಲಿನ ಸುತ್ತ ಏರಬೇಕು. ಎರಡು ಮೂರು ಸೆಕೆಂಡಿಗೆ ಮುಗಿಯಬೇಕು. ಗುಂಡಗೆ ಮಣಿಯ ಥರ ನಿಂತರೆ ಪ್ಯಾಡು ಬಿಸಿಯಾಗಿಲ್ಲ. ಆರುವಾಗ ಭಾಗ ಅಲುಗಿದರೆ ಜಾಯಿಂಟ್ ಮಂಕಾಗಿ ಒಡಕಲಾಗುತ್ತದೆ. ಮತ್ತೆ ಬಿಸಿ ಮಾಡಿ.

ನೆಲಕ್ಕೆ, ಅಂದರೆ ಗ್ರೌಂಡಿಗೆ ಹೋಗುವ ಪ್ಯಾಡುಗಳು ಬೇಗ ಬಿಸಿ ಆಗಲ್ಲ. ಸುತ್ತಲಿನ ತಾಮ್ರವೆಲ್ಲ ಶಾಖ ಎಳೆದುಕೊಳ್ಳುತ್ತದೆ. ಅಗಲ ಮೊನೆ ಹಾಕಿ, ಇನ್ನೂ ಎರಡು ಸೆಕೆಂಡ್ ಕೊಡಿ. ನಾನು ಕಂಡ ಕೆಟ್ಟ ಜಾಯಿಂಟ್‌ಗಳಲ್ಲಿ ಅರ್ಧಕ್ಕರ್ಧ ಗ್ರೌಂಡ್ ಪ್ಯಾಡಿನವೇ.

ಗಿಡ್ಡ ಭಾಗಗಳಿಂದ ಶುರು ಮಾಡಿ ಎತ್ತರದವಕ್ಕೆ ಹೋಗಿ ಅಂತ ತುಂಬ ಕೈಪಿಡಿಗಳು ಹೇಳುತ್ತವೆ. ನೋಡೋದಕ್ಕೆ ನೀಟು. ನನ್ನ ಮಟ್ಟಿಗೆ ಅದಕ್ಕಿಂತ ಹಂತ ಹಂತದ ಕ್ರಮವೇ ಮೇಲು. ಕಿಟಕಿ ತೆಗೆದಿಡಿ, ಸೀಸ ಇರುವ ಸೋಲ್ಡರ್ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಟೊರಾಯ್ಡ್ ಸುತ್ತುವುದು

ಟೊರಾಯ್ಡ್ ಅಂದರೆ ಮೇಲೆ ತಂತಿ ಸುತ್ತಿ ಸುರುಳಿ ಮಾಡುವ ಉಂಗುರ. ಕಿಟ್ ಕೆಲಸ ಅಂದರೆ ಜನ ಹೆದರೋದು ಇದಕ್ಕೇ. ಹೆದರಬೇಕಾಗಿಲ್ಲ, ಆದರೆ ಎಣಿಸಬೇಕು.

ಟಿ37-2 ಅಂದರೆ 0.37 ಇಂಚು ಅಗಲದ, ಕೆಂಪು ಬಣ್ಣದ ಕಬ್ಬಿಣಪುಡಿ ಉಂಗುರ. ಹಳದಿ ಬಣ್ಣದ್ದು ಟಿ37-6. ಬಣ್ಣವಿಲ್ಲದ ಕಡುಬೂದು ಎಫ್‌ಟಿ37-43 ಫೆರೈಟ್. ಇವು ಒಂದರ ಬದಲು ಒಂದು ನಡೆಯಲ್ಲ. ಫೆರೈಟ್ ಮೇಲೆ ಅಷ್ಟೇ ಸುತ್ತು ಸುತ್ತಿದರೆ ಇಂಡಕ್ಟೆನ್ಸ್, ಅಂದರೆ ಹೆನ್ರಿಯಲ್ಲಿ ಅಳೆಯುವ ಸುರುಳಿಯ ಗುಣ, ಕೆಂಪು ಉಂಗುರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಫೆರೈಟ್ ಕೆಳಗೆ ಬಿದ್ದರೆ ಗಾಜಿನ ಥರ ಒಡೆಯಲೂಬಹುದು.

ತಂತಿ ಉಂಗುರದ ತೂತಿನೊಳಗೆ ಎಷ್ಟು ಸಲ ಹಾದುಹೋಗುತ್ತದೋ ಅಷ್ಟು ಸುತ್ತು. ಮೊದಲ ಸಲ ಸುಮ್ನೆ ತೂರಿಸಿದ್ದೂ ಒಂದು ಸುತ್ತೇ. ಹೊಸಬರು ಅದನ್ನು ಬಿಟ್ಟು ಎಣಿಸುತ್ತಾರೆ, ಒಂದು ಜಾಸ್ತಿ ಸುತ್ತುತ್ತಾರೆ. ಒಂದು ತಾನೇ ಅನ್ನಬೇಡಿ. ಟಿ37-2ಗೆ ಲೆಕ್ಕ ಹೀಗೆ: ಬೇಕಾದ ಮೈಕ್ರೋಹೆನ್ರಿಯನ್ನು 40ರಿಂದ ಭಾಗಿಸಿ, ವರ್ಗಮೂಲ ತೆಗೆದು, 100ರಿಂದ ಗುಣಿಸಿ. 1 ಮೈಕ್ರೋಹೆನ್ರಿಗೆ 15.8, ಅಂದರೆ 16 ಸುತ್ತು. 17 ಸುತ್ತಿದರೆ ಇಂಡಕ್ಟೆನ್ಸ್ ಸುಮಾರು ಶೇಕಡಾ 13 ಏರುತ್ತದೆ, 7.1ಕ್ಕೆ ಕೂರಬೇಕಾದ ಸರ್ಕ್ಯೂಟು 6.7 ಮೆಗಾಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಸುತ್ತಿ ಮುಗಿಸಿದ ಮೇಲೆ ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಒಳಗಿನ ಅಂಚಿನಲ್ಲಿ ಎಣಿಸಿ. ಕೈಯಲ್ಲಿ ಹಿಡಿದು ಎಣಿಸಿದರೆ ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ.

ಸುತ್ತುಗಳನ್ನು ಒಂದರ ಮೇಲೊಂದು ಹತ್ತಿಸದೆ, ಉಂಗುರದ ಬಹುಭಾಗಕ್ಕೆ ಸಮನಾಗಿ ಹರಡಿ. ಆರಂಭದ ಮತ್ತು ಕೊನೆಯ ತುದಿಗಳ ನಡುವೆ ಸ್ವಲ್ಪ ಖಾಲಿ ಜಾಗ ಇರಲಿ. ಸುತ್ತುಗಳನ್ನು ಒತ್ತಿ ಹತ್ತಿರ ತಂದರೆ ಇಂಡಕ್ಟೆನ್ಸ್ ಏರುತ್ತದೆ, ಹರಡಿದರೆ ಇಳಿಯುತ್ತದೆ. ಹೊಂದಾಣಿಕೆ ಮಾಡುವಾಗ ಇದು ಕೈಗೆ ಬರುವ ಉಪಾಯ.

ಈಗ ನನ್ನ ಮೂರು ಸಂಜೆ ತಿಂದ ಎನಾಮಲ್ ವಿಷಯ. ಕೆಲವು ತಂತಿಗಳ ಎನಾಮಲ್ 390 ಡಿಗ್ರಿ ಹತ್ತಿರ ಸೋಲ್ಡರ್ ಗುಂಡಿಯೊಳಗೆ ಹಿಡಿದರೆ ಸುಟ್ಟು ಹೋಗುತ್ತದೆ. ಕೆಲವು ಹೋಗಲ್ಲ, ಅವನ್ನು ಬ್ಲೇಡಿನಿಂದ ಸುತ್ತಲೂ ಕೆರೆಯಬೇಕು. ಯಾವುದೇ ಇರಲಿ, ಬೋರ್ಡಿಗೆ ಹಾಕುವ ಮುಂಚೆಯೇ ತುದಿಗೆ ಸೋಲ್ಡರ್ ಸವರಿ ಪೂರ್ತಿ ಬೆಳ್ಳಿ ಬಣ್ಣ ಬಂದಿದೆಯಾ ನೋಡಿ. ಹಾಕಿದ ಮೇಲೆ ಮಲ್ಟಿಮೀಟರ್ ಹಿಡಿಯಬೇಕಾದದ್ದು ತಂತಿಗಲ್ಲ, ಆ ಎರಡು ಪ್ಯಾಡಿಗೆ ಸೇರಿದ ಬೋರ್ಡಿನ ಗೆರೆಗಳಿಗೆ. 1 ಓಮ್‌ಗಿಂತ ಕಡಿಮೆ ತೋರಿಸಬೇಕು.

ಎರಡು ಮೂರು ತಂತಿ ಹೆಣೆದು ಸುತ್ತುವ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇನ್ನೊಂದು ಬಲೆ ಇದೆ. ಮೊದಲ ತಂತಿಯ ಕೊನೆ ಎರಡನೇ ತಂತಿಯ ಆರಂಭಕ್ಕೆ ಸೇರಬೇಕು. ಆರಂಭಕ್ಕೆ ಆರಂಭ ಸೇರಿಸಿದರೆ ಎರಡೂ ಒಂದನ್ನೊಂದು ಹೊಡೆದುಹಾಕಿ, ಮಿಕ್ಸರ್ ಸತ್ತ ಹಾಗೆ ಬಿದ್ದಿರುತ್ತದೆ. ಎರಡು ಬಣ್ಣದ ತಂತಿ ತಗೊಂಡರೆ ಈ ತಲೆನೋವೇ ಇಲ್ಲ.

ಮೊದಲು ಪವರ್, ಆಮೇಲೆ ಆಡಿಯೋ

ಪವರ್ ಭಾಗ ಹಾಕಿದ ಮೇಲೆ, ಕರೆಂಟ್ ಕೊಡುವ ಮೊದಲು ಪ್ಲಸ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಕೆಪಾಸಿಟರ್ ತುಂಬುತ್ತಾ ಸಂಖ್ಯೆ ಏರುತ್ತಾ ಹೋಗಬೇಕು. ಎರಡು ಮೂರು ಓಮ್‌ನಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ಸ್ವಿಚ್ ಮುಟ್ಟಬೇಡಿ.

ಕರೆಂಟ್ ಮಿತಿ ಇರುವ ಪವರ್ ಸಪ್ಲೈ ಇದ್ದರೆ 12 ವೋಲ್ಟ್, 200 ಮಿಲಿಆಂಪ್‌ಗೆ ಕಟ್ಟಿಹಾಕಿ. ಇಲ್ಲದಿದ್ದರೆ ಬೈಕಿನ ಇಂಡಿಕೇಟರ್‌ನ 12 ವೋಲ್ಟ್ ಬಲ್ಬನ್ನು ಪ್ಲಸ್ ತಂತಿಯಲ್ಲಿ ಸರಣಿಯಾಗಿ ಹಾಕಿ. ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಬಲ್ಬು ಉರಿಯದಿದ್ದರೆ ರೆಗ್ಯುಲೇಟರ್‌ಗಳ ಹೊರದಾರಿಯಲ್ಲಿ 5 ಅಥವಾ 8 ವೋಲ್ಟ್, ಕೈಪಿಡಿ ಹೇಳಿದ್ದು ಬಂದಿದೆಯಾ ನೋಡಿ. ಐಸಿಗಳನ್ನು ಸಾಕೆಟ್‌ಗೆ ಹಾಕೋದು ಇದಾದ ಮೇಲೆ.

ಆಡಿಯೋಗೆ ಸಾಮಾನ್ಯವಾಗಿ ಎಲ್‌ಎಂ386 ಇರುತ್ತದೆ. 6ನೇ ಪಿನ್‌ನಲ್ಲಿ ಪೂರ್ತಿ ಸಪ್ಲೈ, 5ನೇ ಪಿನ್‌ನಲ್ಲಿ ಅದರ ಅರ್ಧ ಸಿಗಬೇಕು. ಅರ್ಧ ಬಾರದಿದ್ದರೆ ಐಸಿ ತಿರುಗಿ ಕೂತಿದೆ ಅಥವಾ ಹೋಗಿದೆ. ಸರಿ ಇದ್ದರೆ ಹೆಡ್‌ಫೋನ್ ಸಿಕ್ಕಿಸಿ, ಆದರೆ ಕಿವಿಗೆ ಹಾಕದೆ ಪಕ್ಕದಲ್ಲಿಡಿ. ವಾಲ್ಯೂಮ್ ಪಾಟ್‌ನ ನಡುವಿನ ಕಾಲನ್ನು ಸಣ್ಣ ಸ್ಕ್ರೂಡ್ರೈವರ್‌ನ ಲೋಹ ಹಿಡಿದು ಮುಟ್ಟಿ. ಗುಂಯ್ ಅಂತ ಜೋರಾಗಿ ಹಮ್ ಬರಬೇಕು. ಬಂತಾ? ಇನ್ನು ಮುಂದೆ ಈ ಆಡಿಯೋ ಭಾಗವೇ ನಿಮ್ಮ ಪರೀಕ್ಷಾ ಯಂತ್ರ. ಮುಂದಿನ ಪ್ರತಿ ಹಂತವನ್ನೂ ಇದರ ಮೂಲಕವೇ ಕೇಳುತ್ತೀರಿ.

ಆಸಿಲೇಟರ್ ಓಡುತ್ತಿದೆಯಾ?

ವಿಎಫ್‌ಒ, ಬಿಎಫ್‌ಒ ಎರಡೂ ಓಡದಿದ್ದರೆ ರಿಸೀವರ್ ಕಲ್ಲು. ಆದರೆ ಮಲ್ಟಿಮೀಟರ್ 16 ಮೆಗಾಹರ್ಟ್ಸ್ ಎಸಿಯನ್ನು ಅಳೆಯಲಾರದು. ಅದಕ್ಕೆ ಒಂದು ಆರ್‌ಎಫ್ (ರೇಡಿಯೋ ಆವರ್ತನ) ಪ್ರೋಬ್ ಮಾಡಿಕೊಳ್ಳಿ; ಹತ್ತು ನಿಮಿಷದ ಕೆಲಸ. 0.01 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಒಂದು ಕಾಲು ಮುಟ್ಟಿಸುವ ಮೊನೆ. ಇನ್ನೊಂದು ಕಾಲಿನಿಂದ ಗ್ರೌಂಡಿಗೆ ಒಂದು 1ಎನ್34ಎ ಜರ್ಮೇನಿಯಂ ಡಯೋಡ್, ಪಟ್ಟಿ ಕೆಪಾಸಿಟರ್ ಕಡೆಗೆ. ಅದೇ ಸೇರುವೆಯಿಂದ 4.7 ಮೆಗಾಓಮ್ ರೆಸಿಸ್ಟರ್ ಮೂಲಕ ಮಲ್ಟಿಮೀಟರ್‌ನ ಪ್ಲಸ್‌ಗೆ. ಮೈನಸ್ ಗ್ರೌಂಡಿಗೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. 4.7 ಮೆಗಾಓಮ್ ಯಾಕೆ ಅಂದರೆ, ಡಿಜಿಟಲ್ ಮೀಟರ್‌ನ ಒಳಗಿನ 10 ಮೆಗಾಓಮ್ ಜೊತೆ ಸೇರಿ ಅದು ಶಿಖರದ ವೋಲ್ಟೇಜನ್ನು ಹೆಚ್ಚುಕಡಿಮೆ 0.7ರಷ್ಟಕ್ಕೆ ಇಳಿಸುತ್ತದೆ. ಹಾಗಾಗಿ ಮೀಟರ್ ನೇರವಾಗಿ ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ವೋಲ್ಟೇಜ್) ತೋರಿಸುತ್ತದೆ. ಸಣ್ಣ ಸಿಗ್ನಲ್‌ಗೆ ಇದು ಕರಾರುವಾಕ್ಕಲ್ಲ. ಇದೆಯೋ ಇಲ್ಲವೋ ಅಂತ ಹೇಳೋದಕ್ಕೆ ಸಾಕು.

ಈಗಿನ ಕಿಟ್‌ಗಳಲ್ಲಿ ಆಸಿಲೇಟರ್‌ಗೆ ಎಸ್‌ಐ5351 ಚಿಪ್ ಜಾಸ್ತಿ. ಅದಕ್ಕೆ 3.3 ವೋಲ್ಟ್ ಬೇಕು. ಪಕ್ಕದಲ್ಲಿ 25 ಅಥವಾ 27 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ. ಪ್ರೋಗ್ರಾಂ 25 ಅಂದುಕೊಂಡು, ಬೋರ್ಡಿನಲ್ಲಿ 27 ಇದ್ದರೆ, 16 ಕೇಳಿದ ಕಡೆ 17.28 ಬರುತ್ತದೆ. ಎಲ್ಲ ಅಂಕಿಯೂ 8 ಶೇಕಡಾ ಮೇಲಿದ್ದರೆ ಬೇರೆಲ್ಲೂ ಹುಡುಕಬೇಡಿ. ಡಿಸ್‌ಪ್ಲೇ ಹತ್ತಿ, ಆಸಿಲೇಟರ್ ಮಾತ್ರ ಇಲ್ಲ ಅಂದರೆ ಚಿಪ್‌ಗೆ ಹೋಗುವ ಎರಡು ಸಂವಹನ ತಂತಿಗಳ ಬೆಸುಗೆ ನೋಡಿ. ಅವು ಅದಲುಬದಲಾಗಿಯೂ ಇರಬಹುದು. ಹತ್ತಿರದಲ್ಲಿ ಶಾರ್ಟ್‌ವೇವ್‌ಗೂ ಇಳಿಯುವ ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ರಿಸೀವರ್) ಅಥವಾ ಬೇರೆ ಶಾರ್ಟ್‌ವೇವ್ ರಿಸೀವರ್ ಇದ್ದರೆ ಇನ್ನೂ ಒಳ್ಳೇದು. ಎರಡಡಿ ತಂತಿಯನ್ನು ಆಂಟೆನಾ ಮಾಡಿ ಬೋರ್ಡಿನ ಬಳಿ ಇಟ್ಟರೆ ಆಸಿಲೇಟರ್ ತನ್ನ ಜಾಗದಲ್ಲಿ ಕಾಣಿಸುತ್ತದೆ.

ರಿಸೀವರ್ ಬಾಯಿ ಬಿಡುವ ಹೊತ್ತು

ಎರಡನೇ ಮಿಕ್ಸರ್‌ನಿಂದ ಹಿಂದಕ್ಕೆ, ಆಂಟೆನಾ ಕಡೆಗೆ ಜೋಡಿಸುತ್ತಾ ಹೋಗಿ. ಪ್ರತಿ ಹಂತ ಸೇರಿದಾಗಲೂ ಹೆಡ್‌ಫೋನಿನಲ್ಲಿ ಸುಯ್ ಅನ್ನುವ ಸದ್ದು ಸ್ವಲ್ಪ ಏರುತ್ತದೆ. ಮಿಕ್ಸರ್ ಎಸ್‌ಎ612 ಆಗಿದ್ದರೆ 8ನೇ ಪಿನ್‌ನಲ್ಲಿ 4.5ರಿಂದ 8 ವೋಲ್ಟ್ ಒಳಗಿರಬೇಕು. 1 ಮತ್ತು 2ನೇ ಪಿನ್‌ಗಳಲ್ಲಿ ಸುಮಾರು 1.4 ವೋಲ್ಟ್ ಇರಬೇಕು. ನೇರ 12 ವೋಲ್ಟ್ ಕೊಟ್ಟರೆ ಅದು ಬದುಕಲ್ಲ.

ಆಂಟೆನಾ ಸಿಕ್ಕಿಸಿದಾಗ ಸದ್ದು ತಟ್ಟನೆ ಏರಬೇಕು, ತೆಗೆದರೆ ಇಳಿಯಬೇಕು. ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಏರಿದರೆ ನಿಮ್ಮ ರಿಸೀವರ್ ಬ್ಯಾಂಡಿನ ಗದ್ದಲವನ್ನೇ ಕೇಳುತ್ತಿದೆ.

ಈಗ ಬ್ಯಾಂಡ್ ಪಾಸ್ ಫಿಲ್ಟರ್ ಟ್ರಿಮ್ಮರ್‌ಗಳನ್ನು (ತಿರುಗಿಸಿ ಹೊಂದಿಸುವ ಕೆಪಾಸಿಟರ್‌ಗಳು) ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಟ್ರಿಮ್ಮರನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಸದ್ದು ಎರಡು ಕಡೆ ಏರಬೇಕು. ಯಾಕಂದರೆ ಅರ್ಧ ಸುತ್ತಿನಲ್ಲಿ ಅದರ ಅಳತೆ ತಳದಿಂದ ತುದಿಗೆ ಹೋಗುತ್ತದೆ, ಉಳಿದ ಅರ್ಧದಲ್ಲಿ ವಾಪಸ್ ಬರುತ್ತದೆ. ಒಂದೇ ಕಡೆ ಏರಿದರೆ ನಿಜವಾದ ಶಿಖರ ಟ್ರಿಮ್ಮರ್‌ನ ಕೈಗೆ ಸಿಗುತ್ತಿಲ್ಲ ಅಂತ. ಪ್ಲೇಟುಗಳು ಪೂರ್ತಿ ಒಂದರ ಮೇಲೊಂದು ಬಂದ ಜಾಗದಲ್ಲೇ ಸದ್ದು ಹೆಚ್ಚಾದರೆ ಸುರುಳಿ ಚಿಕ್ಕದಾಗಿದೆ, ಸುತ್ತುಗಳನ್ನು ಒತ್ತಿ. ಪೂರ್ತಿ ತೆರೆದ ಜಾಗದಲ್ಲಾದರೆ ಸುರುಳಿ ದೊಡ್ಡದು, ಹರಡಿ ಇಲ್ಲವೇ ಒಂದು ಸುತ್ತು ಬಿಚ್ಚಿ.

ಬಿಎಫ್‌ಒ ಹೊಂದಿಸೋದು ಕಿವಿಯ ಕೆಲಸ. ಎಸ್‌ಎಸ್‌ಬಿಗೆ (ಸಿಗ್ನಲ್‌ನ ಎರಡು ಸೈಡ್‌ಬ್ಯಾಂಡ್‌ಗಳಲ್ಲಿ, ಅಂದರೆ ಮಗ್ಗುಲುಗಳಲ್ಲಿ, ಒಂದನ್ನೇ ಕಳಿಸಿ ಮಾತಾಡುವ ವಿಧಾನ) ಅದು ಕ್ರಿಸ್ಟಲ್ ಫಿಲ್ಟರ್‌ನ ಅಂಚಿನಿಂದ ಸುಮಾರು 300 ಹರ್ಟ್ಸ್ ಹೊರಗೆ ಕೂರಬೇಕು. ತೀರ ಒಳಗೆ ಹೋದರೆ ಮಾತು ಡಬ್ಬದೊಳಗಿಂದ ಬಂದ ಹಾಗೆ ಮಂಕು. ತೀರ ಹೊರಗೆ ಹೋದರೆ ಕೀರಲು, ತಂತಿಯಂತೆ ತೆಳು. ಎಷ್ಟೇ ಟ್ಯೂನ್ ಮಾಡಿದರೂ ಬಾತುಕೋಳಿ ಮಾತಾಡಿದಂತೆ ಇದ್ದರೆ ಬಿಎಫ್‌ಒ ಫಿಲ್ಟರ್‌ನ ತಪ್ಪು ಮಗ್ಗುಲಲ್ಲಿದೆ. 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಹೆಚ್ಚಿನ ಬ್ಯಾಂಡ್‌ಗಳಲ್ಲಿ ಹ್ಯಾಮ್‌ಗಳು ಕೆಳ ಸೈಡ್‌ಬ್ಯಾಂಡ್ ಬಳಸುತ್ತಾರೆ, ಮೇಲಿನವುಗಳಲ್ಲಿ ಮೇಲಿನದು. ಡಯಲ್ ಸರಿಪಡಿಸೋದಕ್ಕೆ ಸುಲಭದ ದಾರಿ, ಆವರ್ತನ ಪಕ್ಕಾ ಗೊತ್ತಿರುವ ಸಿಗ್ನಲ್. ನಿಮ್ಮ ರಿಸೀವರ್ ಅಲ್ಲಿಗೆ ಹೋಗುವಂಥದ್ದಾದರೆ 5, 10, 15 ಮೆಗಾಹರ್ಟ್ಸ್‌ಗಳಲ್ಲಿ ಸಮಯ ಹೇಳುವ ಕೇಂದ್ರಗಳು ಸಿಗುತ್ತವೆ.

ಟ್ರಾನ್ಸ್‌ಮಿಟರ್: ಅವಸರ ಬೇಡ

ಮೊದಲು ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್, ಮಾಡಿ. ಅರ್ಧ ವ್ಯಾಟ್‌ನ 1 ಕಿಲೋಓಮ್ ರೆಸಿಸ್ಟರ್ 20 ತಗೊಂಡು ಸಮಾಂತರ ಜೋಡಿಸಿದರೆ 50 ಓಮ್, 10 ವ್ಯಾಟ್. ಮೆಟಲ್ ಫಿಲ್ಮ್ ಅಥವಾ ಕಾರ್ಬನ್ ಇರಲಿ. ತಂತಿ ಸುತ್ತಿದ ಸಿಮೆಂಟ್ ರೆಸಿಸ್ಟರ್ ಬೇಡ, ಅದೇ ಒಂದು ಸುರುಳಿ. ಲೋಡ್ ಇಲ್ಲದೆ ಒಂದು ಸೆಕೆಂಡ್ ಕೂಡ ಪ್ರಸಾರ ಮಾಡಬೇಡಿ.

ಫೈನಲ್, ಅಂದರೆ ಕೊನೆಯ ಪವರ್ ಟ್ರಾನ್ಸಿಸ್ಟರ್, ಐಆರ್‌ಎಫ್510 ಆಗಿದ್ದರೆ (ಕಾಲುಗಳು ಗೇಟ್, ಡ್ರೈನ್, ಸೋರ್ಸ್) ಅದರ ಲೋಹದ ಬೆನ್ನು ಡ್ರೈನ್‌ಗೆ ಸೇರಿದ್ದು, ಅಂದರೆ 12 ವೋಲ್ಟ್ ಅಲ್ಲೇ ಇದೆ. ಹೀಟ್ ಸಿಂಕ್ ಗ್ರೌಂಡ್ ಆಗಿದ್ದರೆ ನಡುವೆ ಮೈಕಾ ಅಥವಾ ಸಿಲಿಕೋನ್ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಹಾಕಿ. ಬೋರ್ಡಿಗೆ ಬೆಸೆಯುವ ಮುಂಚೆಯೇ ಬೆನ್ನಿಗೂ ಹೀಟ್ ಸಿಂಕ್‌ಗೂ ಮೀಟರ್ ಹಿಡಿದು ಸಂಪರ್ಕ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಒಂದು ಸಲ ನಾನು ಹಾಳೆ ಹಾಕಿದ್ದೆ, ವಾಷರ್ ಮರೆತಿದ್ದೆ. ಸ್ಕ್ರೂ ಮೂಲಕ ಎಲ್ಲ ನೆಲಕ್ಕೆ ಹೋಯಿತು, ಫ್ಯೂಸ್ ಟಪ್ ಅಂತು. ಫ್ಯೂಸ್ ಇದ್ದದ್ದು ಪುಣ್ಯ. ಇದರ ಗೇಟ್‌ಗೆ ಸ್ಥಾಯಿ ವಿದ್ಯುತ್ ಅಂದರೆ ಆಗಲ್ಲ. ಮುಟ್ಟುವ ಮುಂಚೆ ಗ್ರೌಂಡ್ ಮುಟ್ಟಿ.

ಬಯಾಸ್ (ಗೇಟ್‌ಗೆ ಕೊಡುವ ಸ್ಥಿರ ವೋಲ್ಟೇಜ್) ಟ್ರಿಮ್‌ಪಾಟ್ ಹೊಂದಿಸುವಾಗ ಎಡವಟ್ಟು ಮಾಡಿಕೊಂಡು ಫೈನಲ್ ಸುಡುವವರು ಬಹಳ. ಕರೆಂಟ್ ಕೊಡುವ ಮೊದಲು ಪಾಟನ್ನು ಕನಿಷ್ಠಕ್ಕೆ ತಿರುಗಿಸಿ. ಕನಿಷ್ಠ ಯಾವ ಕಡೆ ಅನ್ನೋದನ್ನು ಬೋರ್ಡ್ ನೋಡಿ ಊಹಿಸಬೇಡಿ. ಕರೆಂಟ್ ಇಲ್ಲದಾಗಲೇ ಗೇಟ್‌ನಿಂದ ಗ್ರೌಂಡಿಗೆ ಓಮ್ ಅಳೆದು, ಯಾವ ಕಡೆ ತಿರುಗಿಸಿದರೆ ಕಡಿಮೆ ಆಗುತ್ತದೆ ನೋಡಿ. ಆಮೇಲೆ ಫೈನಲ್‌ಗೆ ಹೋಗುವ 12 ವೋಲ್ಟ್ ತಂತಿಯಲ್ಲಿ ಆಂಪ್ ಮೀಟರ್ ಹಾಕಿ, ಮಾತಾಡದೆ ಪಿಟಿಟಿ (ಪ್ರಸಾರ ಶುರು ಮಾಡುವ ಮೈಕಿನ ಗುಂಡಿ) ಒತ್ತಿ. ನಿಧಾನಕ್ಕೆ ಪಾಟ್ ಏರಿಸಿ. ಗೇಟ್ 2ರಿಂದ 4 ವೋಲ್ಟ್ ನಡುವೆ ಎಲ್ಲೋ ಬಂದಾಗ ಕರೆಂಟ್ ತಟ್ಟನೆ ಏರಲು ಶುರುವಾಗುತ್ತದೆ. ಕೈಪಿಡಿ ಹೇಳಿದ ಮಿಲಿಆಂಪ್‌ಗೆ ನಿಲ್ಲಿಸಿ. ಬಿಸಿಯಾದಂತೆ ಅದು ಇನ್ನೂ ಏರುತ್ತದೆ, ಹಾಗಾಗಿ ಸ್ವಲ್ಪ ಕಡಿಮೆಗೇ ಬಿಡೋದು ನನ್ನ ಅಭ್ಯಾಸ.

ಪವರ್ ಅಳೆಯೋದಕ್ಕೆ ದುಬಾರಿ ಮೀಟರ್ ಬೇಡ. ಡಮ್ಮಿ ಲೋಡ್‌ನ ಗ್ರೌಂಡ್ ಅಲ್ಲದ ತುದಿಯಿಂದ 1ಎನ್4148 ಡಯೋಡ್ ಮೂಲಕ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಿಸಿ, ಅದರ ಮೇಲಿನ ಡಿಸಿ ಅಳೆಯಿರಿ. ಬಂದ ಸಂಖ್ಯೆಗೆ 0.7 ಕೂಡಿಸಿ, ಆ ಮೊತ್ತವನ್ನು ಅದರಿಂದಲೇ ಗುಣಿಸಿ, 100ರಿಂದ ಭಾಗಿಸಿ. 21.7 ಬಂದರೆ 22.4, ಅಂದರೆ 5 ವ್ಯಾಟ್. ಕೀ (ಮೋರ್ಸ್ ಒತ್ತುಗುಂಡಿ) ಒಂದು ಸಲಕ್ಕೆ ಐದು ಸೆಕೆಂಡ್‌ಗಿಂತ ಜಾಸ್ತಿ ಒತ್ತಬೇಡಿ.

ಜೊತೆಗೆ ಕರೆಂಟ್ ನೋಡಿ. 12 ವೋಲ್ಟ್‌ನಲ್ಲಿ 5 ವ್ಯಾಟ್ ಹೊರಬರಲು 0.8 ಆಂಪ್ ಆಸುಪಾಸು ಸಹಜ. 2 ಆಂಪ್ ಕುಡಿದು 2 ವ್ಯಾಟ್ ಕೊಟ್ಟರೆ, ಫೈನಲ್ ತನ್ನಷ್ಟಕ್ಕೆ ಆಂದೋಲನ ಮಾಡುತ್ತಿದೆ ಅಥವಾ ಲೋ ಪಾಸ್ ಫಿಲ್ಟರ್ ಹೊಂದಿಲ್ಲ. ಮಾತಾಡದೆ ಪಿಟಿಟಿ ಒತ್ತಿದರೂ ಡಮ್ಮಿ ಲೋಡ್‌ನಲ್ಲಿ ಪವರ್ ಕಂಡರೆ ಆಂದೋಲನವೇ ಇರಬಹುದು. ಬಯಾಸ್ ಇಳಿಸಿ ನೋಡಿ, ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳನ್ನು ದೂರ ಮಾಡಿ, ಸೋರ್ಸ್ ಕಾಲನ್ನು ಆದಷ್ಟು ಗಿಡ್ಡ ಮಾಡಿ.

ಲೋ ಪಾಸ್ ಫಿಲ್ಟರ್ ಬರೀ ಅಲಂಕಾರಕ್ಕಲ್ಲ. 7.1ರ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಆವರ್ತನ) 14.2, ಅದು ಇನ್ನೊಬ್ಬರ ಬ್ಯಾಂಡು. ಫಿಲ್ಟರ್, ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ಸಿಕ್ಕರೆ ಫಿಲ್ಟರನ್ನು ಒಂದೇ ನೋಟದಲ್ಲಿ ಅಳೆಯಬಹುದು. ಪ್ರಸಾರ ಶುದ್ಧವಾಗಿದೆಯಾ ನೋಡಲು ಸ್ಪೆಕ್ಟ್ರಮ್ ಅನಲೈಸರ್ ಬೇಕು, ಅದಕ್ಕೂ ರಿಗ್‌ಗೂ ನಡುವೆ ಪವರ್ ಇಳಿಸುವ ಅಟೆನ್ಯುಯೇಟರ್ ಇರಲೇಬೇಕು. 5 ವ್ಯಾಟ್ ನೇರ ನುಗ್ಗಿಸಿದರೆ ಉಪಕರಣ ಅಲ್ಲಿಗೇ ಮುಗಿಯಿತು.

ಕೆಲಸ ಮಾಡದಿದ್ದರೆ

ಮೊದಲ ನಿಯಮ: ಐಸಿ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಹೊಸ ಕಿಟ್‌ನಲ್ಲಿ ಕೆಟ್ಟ ಚಿಪ್ ಬರೋದು ಅಪರೂಪ. ನನ್ನ ಅನುಭವದಲ್ಲಿ ಸಿಗುವ ಸರದಿ ಹೀಗೆ: ಬೆಸುಗೆ ಹಾಕೋದೇ ಮರೆತ ಕಾಲು, ಎನಾಮಲ್, ಅದಲುಬದಲಾದ ಭಾಗ, ಎರಡು ಪ್ಯಾಡಿನ ನಡುವೆ ಸೋಲ್ಡರ್ ಸೇತುವೆ, ತಿರುಗಿ ಕೂತ ಡಯೋಡು. ಬೋರ್ಡನ್ನು ಬ್ರಷ್ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಸಾಲು ಸಾಲಾಗಿ ನೋಡಿ. ಅರ್ಧ ತಪ್ಪುಗಳು ಇಲ್ಲೇ ಸಿಗುತ್ತವೆ.

ಸಿಗದಿದ್ದರೆ ದಾರಿಯನ್ನು ಅರ್ಧಕ್ಕೆ ಕಡಿಯಿರಿ. ವಾಲ್ಯೂಮ್ ಪಾಟ್ ಮುಟ್ಟಿದರೆ ಹಮ್ ಬರುತ್ತದೆ, ಕ್ರಿಸ್ಟಲ್ ಫಿಲ್ಟರ್‌ನ ಹೊರಬಾಗಿಲು ಮುಟ್ಟಿದರೆ ಟಿಕ್ ಅಂತ ಕೇಳುತ್ತದೆ, ಒಳಬಾಗಿಲು ಮುಟ್ಟಿದರೆ ಏನೂ ಇಲ್ಲ. ಹಾಗಾದರೆ ತಪ್ಪು ಫಿಲ್ಟರ್‌ನಲ್ಲೇ ಇದೆ. ಅದರ ಕ್ರಿಸ್ಟಲ್‌ಗಳ ಪೈಕಿ ಯಾವುದೋ ಒಂದರ ಲೋಹದ ಡಬ್ಬಿ ಕೆಳಗಿನ ಪ್ಯಾಡಿಗೆ ತಾಗಿ ನೆಲಕ್ಕೆ ಸೇರಿರಬಹುದು. ಇಂಥದ್ದನ್ನು ಬರಿಗಣ್ಣಿಗೆ ಕಾಣೋದು ಕಷ್ಟ.

ಕೆಲವು ರೋಗಗಳ ಲಕ್ಷಣ ಗೊತ್ತಿದ್ದರೆ ಸಮಯ ಉಳಿಯುತ್ತದೆ. ವಾಲ್ಯೂಮ್ ಏರಿಸಿದಾಗ ಪಟಪಟ ಅಂತ ದೋಣಿ ಎಂಜಿನ್ ಥರ ಸದ್ದು ಬಂದರೆ ಆಡಿಯೋ ಐಸಿಯ ಸಪ್ಲೈ ಪಿನ್ ಬಳಿಯ ದೊಡ್ಡ ಕೆಪಾಸಿಟರ್ ನೋಡಿ. ಸದಾ ಗುಂಯ್ ಅಂದರೆ ರಿಗ್ಗನ್ನು ಬ್ಯಾಟರಿಗೆ ಹಾಕಿ. ನಿಂತರೆ ತಪ್ಪು ಪವರ್ ಸಪ್ಲೈಯದು. ಕೀ ಒತ್ತಿದಾಗ ಸ್ವರ ಜಾರಿ ಚಿಲಿಪಿಲಿ ಅಂದರೆ, ಒತ್ತಿದ ಹೊತ್ತಿನಲ್ಲಿ ಬೋರ್ಡಿನ ಮೇಲೇ ವೋಲ್ಟೇಜ್ ಅಳೆಯಿರಿ. 12.6 ಇದ್ದದ್ದು 11ಕ್ಕೆ ಬಿದ್ದರೆ ತೆಳು ವೈರೇ ಕಾರಣ. ಡಮ್ಮಿ ಲೋಡ್‌ನಲ್ಲಿ ಚೆನ್ನಾಗಿದ್ದ ದನಿ ಆಂಟೆನಾಕ್ಕೆ ಹಾಕಿದ ಕೂಡಲೇ ಗೊರಗೊರ ಆದರೆ ಆರ್‌ಎಫ್ ಮೈಕ್ ತಂತಿಯಲ್ಲಿ ವಾಪಸ್ ಬರುತ್ತಿದೆ. ಮೈಕ್ ತಂತಿಯನ್ನು ಫೆರೈಟ್ ಉಂಗುರಕ್ಕೆ ನಾಲ್ಕೈದು ಸುತ್ತು ಹಾಕಿ, ಜ್ಯಾಕ್‌ನ ಬಳಿ 1 ನ್ಯಾನೋಫ್ಯಾರಡ್ ಕೆಪಾಸಿಟರ್ ನೆಲಕ್ಕೆ ಕೊಡಿ.

ತಲೆ ಓಡದಿದ್ದಾಗ ಕಡ್ಡಿ ಆರಿಸಿ ಮಲಗಿ. ರಾತ್ರಿ ಹನ್ನೊಂದರ ಮೇಲೆ ನಾನು ಬಿಚ್ಚಿದ ಯಾವ ಭಾಗವೂ ಕೆಟ್ಟಿರಲಿಲ್ಲ, ಬಿಚ್ಚುವಾಗ ಕಿತ್ತ ಪ್ಯಾಡು ಮಾತ್ರ ಕೆಟ್ಟಿತು.

ಗಾಳಿಗೆ ಬಿಡುವಾಗ

ಡಬ್ಬಿಗೆ ಹಾಕುವ ಮುನ್ನ ಚೆನ್ನಾಗಿ ಓಡುತ್ತಿರುವ ಬೋರ್ಡಿನ ಪ್ರತಿ ಐಸಿ ಮತ್ತು ಟ್ರಾನ್ಸಿಸ್ಟರ್ ಕಾಲಿನ ವೋಲ್ಟೇಜ್ ಅಳೆದು, ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಎರಡು ವರ್ಷ ಬಿಟ್ಟು ರಿಗ್ ಕೆಟ್ಟಾಗ ಕೈಪಿಡಿಗಿಂತ ಈ ಚೀಟಿ ಕೆಲಸಕ್ಕೆ ಬರುತ್ತದೆ.

40 ಮೀಟರ್‌ಗೆ ಅರ್ಧ ತರಂಗದ ಡೈಪೋಲ್ (ನಡುವಿನಿಂದ ಎರಡು ಕಡೆ ಚಾಚುವ ತಂತಿಯ ಆಂಟೆನಾ) ಸಾಕು. 143ನ್ನು 7.1ರಿಂದ ಭಾಗಿಸಿದರೆ 20.1 ಮೀಟರ್, ಒಂದು ಕಡೆಗೆ ಸುಮಾರು 10. ಕಾಲು ಮೀಟರ್ ಉದ್ದವಾಗಿಯೇ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದಿದೆ ಅನ್ನುವ ಅಳತೆ) ನೋಡುತ್ತಾ ಎರಡೂ ಕಡೆ ಸಮನಾಗಿ ಮೊಟಕು ಮಾಡಿ. 2ಕ್ಕಿಂತ ಕೆಳಗೆ ಬಂದರೆ ಫೈನಲ್‌ಗೆ ಅಪಾಯವಿಲ್ಲ. ಮೊದಲ ದಿನ ನೀವೇ ಕರೆಯೋದಕ್ಕಿಂತ, ಜೋರಾಗಿ ಕೇಳುತ್ತಿರುವ ಯಾರಾದರೂ ಸಿಕ್ಯು (ಯಾರಾದರೂ ಮಾತಾಡಿ ಅನ್ನುವ ಕರೆ) ಕರೆದಾಗ ಉತ್ತರ ಕೊಡಿ. ಕಾಲ್ ಸೈನ್ ಹೇಳಿ, ಮನೆಯಲ್ಲೇ ಮಾಡಿದ ರಿಗ್, 5 ವ್ಯಾಟ್ ಅನ್ನಿ. ನಿಮ್ಮ ದನಿ ಹೇಗಿದೆ, ಆವರ್ತನ ಜಾರುತ್ತಿದೆಯಾ ಅಂತ ಅವರನ್ನೇ ಕೇಳಿ, ಹೇಳಿದ್ದನ್ನು ಅದೇ ಚೀಟಿಯ ಹಿಂಬದಿ ಬರೆದಿಡಿ.